ಹದಿನೈದು ನಿಮಿಷದ ದೂರಕ್ಕೆ ಮುಕ್ಕಾಲು ಗಂಟೆ ಏಕೆ?

ನೆಡುಂಬಾಶ್ಶೇರಿಯಲ್ಲಿರುವ ಕೊಚ್ಚಿ ವಿಮಾನ ನಿಲ್ದಾಣಕ್ಕೂ ತಿರುವನಂತಪುರದ ನಿಲ್ದಾಣಕ್ಕೂ ನಡುವಿನ ನೇರ ದೂರ ಸುಮಾರು 194 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನ ಇದನ್ನು ಹದಿನೈದೇ ನಿಮಿಷದಲ್ಲಿ ಮುಗಿಸಬೇಕು. ಆದರೆ ವೇಳಾಪಟ್ಟಿಯಲ್ಲಿ ಇಂಥ ಹಾರಾಟಕ್ಕೆ ಮುಕ್ಕಾಲರಿಂದ ಒಂದು ಗಂಟೆಯವರೆಗೆ ಇಟ್ಟಿರುತ್ತಾರೆ. ಬೆಂಗಳೂರು–ಕೊಚ್ಚಿ ದೂರ ಸುಮಾರು 366 ಕಿ.ಮೀ., ಅಂದರೆ ಹೆಚ್ಚುಕಡಿಮೆ ಇಮ್ಮಡಿ. ಅಲ್ಲಿ ಹಿಡಿಯುವ ಹೊತ್ತು ಮಾತ್ರ ಇಮ್ಮಡಿಯಾಗುವುದಿಲ್ಲ. ಸುಮಾರು ಒಂದೂ ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಭೂಮಿಯ ದುಂಡುತನ ಇದಕ್ಕೆ ಕಾರಣವಲ್ಲ. ಎರಡು ನಿಲ್ದಾಣಗಳ ನಡುವೆ ನೆಟ್ಟಗೆ ಸುರಂಗ ಕೊರೆದರೆ ಅದರ ನಡುಭಾಗ 700 ಮೀಟರಿಗೂ ಹೆಚ್ಚು ಆಳದಲ್ಲಿರುತ್ತದೆ, ಉಳಿತಾಯವಾಗುವ ದೂರ ಮಾತ್ರ ಎಂಟು ಮೀಟರೂ ಇಲ್ಲ.

ನಿಜವಾದ ಕಾರಣ ಎತ್ತರ. ಜೆಟ್ ವಿಮಾನಗಳು ಇಂಧನ ಉಳಿಸುತ್ತ ವೇಗವಾಗಿ ಹಾರುವುದು 35,000 ಅಡಿಯ ಆಸುಪಾಸಿನಲ್ಲಿ, ಅಲ್ಲಿ ಗಾಳಿ ತೆಳು. ಇಳಿಯುವಾಗ ಪೈಲಟ್‌ಗಳು ಅನುಸರಿಸುವ ಸರಳ ಲೆಕ್ಕವೊಂದಿದೆ: ಪ್ರತಿ ಸಾವಿರ ಅಡಿ ಇಳಿಯಲು ಸುಮಾರು ಐದೂವರೆ ಕಿ.ಮೀ. ಬೇಕು. ಈ ಲೆಕ್ಕದಲ್ಲಿ 35,000 ಅಡಿಯಿಂದ ಕೆಳಗಿಳಿಯುವುದಕ್ಕೇ ಸುಮಾರು 194 ಕಿ.ಮೀ. ಬೇಕಾಗುತ್ತದೆ. ಕೊಚ್ಚಿಯಿಂದ ತಿರುವನಂತಪುರಕ್ಕೆ ಇರುವ ದೂರವೂ ಅಷ್ಟೇ! ಆದ್ದರಿಂದ ಈ ಮಾರ್ಗದ ವಿಮಾನ ಅಷ್ಟು ಮೇಲೆ ಹೋಗುವಂತೆಯೇ ಇಲ್ಲ. ಏರುವುದು ಮುಗಿದು ಸ್ವಲ್ಪ ಹೊತ್ತಿಗೇ ಇಳಿಯಲು ತೊಡಗಬೇಕು. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ ವೇಗದ ಮಿತಿಯೂ ಇದೆ, ಗಂಟೆಗೆ ಸುಮಾರು 460 ಕಿ.ಮೀ.

ದಿಕ್ಕಿನ ತೊಡಕು ಬೇರೆ. ಹೋಗಬೇಕಾದದ್ದು ದಕ್ಷಿಣಕ್ಕೆ, ಕೊಚ್ಚಿಯ ರನ್‌ವೇ ಇರುವುದು ಪೂರ್ವ–ಪಶ್ಚಿಮವಾಗಿ. ವಿಮಾನಗಳು ಎದುರುಗಾಳಿಗೆ ಮುಖಮಾಡಿ ಮೇಲೇರುತ್ತವೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವಾಗ ಸಮುದ್ರದ ಕಡೆಗೆ ಹಾರಿ, ಆಮೇಲೆ ಎಡಕ್ಕೆ ತಿರುಗಬೇಕು. ತಿರುವನಂತಪುರದ ರನ್‌ವೇ ವಾಯವ್ಯ–ಆಗ್ನೇಯವಾಗಿ ಕಡಲಿನ ಪಕ್ಕದಲ್ಲಿದೆ. ವಾಯವ್ಯಕ್ಕೆ ಮುಖಮಾಡಿ ಇಳಿಯಬೇಕಾದಾಗ, ಉತ್ತರದಿಂದ ಬಂದ ವಿಮಾನ ನಿಲ್ದಾಣವನ್ನು ದಾಟಿ ಮುಂದೆ ಹೋಗಿ ಹಿಂದಿರುಗಬೇಕು. ಇದರ ಜೊತೆಗೆ ಎರಡೂ ಕಡೆ ನೆಲದ ಮೇಲಿನ ಓಡಾಟ, ಸರದಿಗಾಗಿ ಕಾಯುವಿಕೆ. ವೇಳಾಪಟ್ಟಿಯ ಸಮಯದಲ್ಲಿ ಇವೆಲ್ಲ ಸೇರಿರುತ್ತವೆ.

ತಿರುವನಂತಪುರದಲ್ಲಿ ವರ್ಷಕ್ಕೆರಡು ದಿನ ಇನ್ನೂ ಒಂದು ಕಾಯುವಿಕೆ ಇದೆ. ಶ್ರೀ ಪದ್ಮನಾಭಸ್ವಾಮಿ ದೇವಸ್ಥಾನದ ಪೈಂಕುನಿ ಮತ್ತು ಅಲ್ಪಶಿ ಉತ್ಸವಗಳ ಆರಾಟ್ಟು (ದೇವರ ಪುಣ್ಯಸ್ನಾನ) ಮೆರವಣಿಗೆ ಶಂಖುಮುಖಂ ಕಡಲತೀರಕ್ಕೆ ಸಾಗುವುದು ಇದೇ ರನ್‌ವೇ ಮೇಲೆ. ಉತ್ಸವಮೂರ್ತಿಗಳನ್ನು ಹೊತ್ತವರು, ತಿರುವಾಂಕೂರು ರಾಜಮನೆತನದ ಹಿರಿಯರು, ಆನೆ, ಭಕ್ತರು ರನ್‌ವೇ ದಾಟುತ್ತಾರೆ. ಸ್ನಾನ ಮುಗಿಸಿ ಮೆರವಣಿಗೆ ಮರಳುವವರೆಗೆ ಕೆಲವು ಗಂಟೆ ವಿಮಾನಗಳು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ವಿಮಾನಯಾನ ಸಂಸ್ಥೆಗಳಿಗೆ ಮೊದಲೇ ಸೂಚನೆ ಹೋಗಿರುತ್ತದೆ. 1932ರಲ್ಲಿ ಆರಂಭವಾದ ಈ ನಿಲ್ದಾಣಕ್ಕಿಂತ ಮೆರವಣಿಗೆಯ ದಾರಿ ಹಳೆಯದು.

ಹಾಗಾದರೆ ಪ್ರಯಾಣಿಕರು ಏನು ಮಾಡಬೇಕು? ನೆಡುಂಬಾಶ್ಶೇರಿ ಕೊಚ್ಚಿಯ ಎರ್ನಾಕುಲಂ ಪೇಟೆಯಿಂದ ಸುಮಾರು 30 ಕಿ.ಮೀ. ಉತ್ತರಕ್ಕಿದೆ. ದಕ್ಷಿಣದ ಊರಿಗೆ ಹೋಗಲು ಮೊದಲು ಉತ್ತರಕ್ಕೆ ಹೋಗಬೇಕು, ಭದ್ರತಾ ತಪಾಸಣೆಗಾಗಿ ಬೇಗನೇ ತಲುಪಬೇಕು. ಕಾಸರಗೋಡಿನಿಂದ 2023ರ ಏಪ್ರಿಲ್‌ನಲ್ಲಿ ಓಡಾಟ ಆರಂಭಿಸಿದ ವಂದೇ ಭಾರತ್ ರೈಲು ಎರ್ನಾಕುಲಂನಿಂದ ತಿರುವನಂತಪುರಕ್ಕೆ ಸುಮಾರು ಮೂರೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ಬೇರೆ ಊರಿನಿಂದ ಕೊಚ್ಚಿಗೆ ಬಂದಿಳಿದು, ಅಲ್ಲಿಂದಲೇ ಮುಂದಿನ ವಿಮಾನ ಹಿಡಿಯುವವರಿಗೆ ಈ ಹಾರಾಟ ಅನುಕೂಲ. ಎರ್ನಾಕುಲಂ ಪೇಟೆಯಿಂದ ಹೊರಡುವವರಿಗೆ ರೈಲೇ ಸರಿಯಾದ ಆಯ್ಕೆ.