ಬಸುರಿಯ ರಕ್ತದ ಲೆಕ್ಕ: ಪರೇಲಿನ ಪ್ರಯೋಗಾಲಯದಿಂದ ಡೊಂಬಿವಲಿಯ ಅಡುಗೆಮನೆವರೆಗೆ

ಐದನೇ ತಿಂಗಳ ರಕ್ತಪರೀಕ್ಷೆಯ ಚೀಟಿಯಲ್ಲಿ ಹೀಮೊಗ್ಲೋಬಿನ್ 9.2 ಎಂದು ಬಂತೆನ್ನಿ. ಮುಂಬಯಿ ಪಕ್ಕದ ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡ ಮನೆಗಳಿಂದ ಮೊದಲ ಫೋನು ಹೋಗುವುದು ಊರಿಗೆ. ಉಡುಪಿ ಕಡೆಯ ಅತ್ತೆ, ‘ರಕ್ತ ಕಮ್ಮಿ ಉಂಟಾ? ದಿನಾ ಬೀಟ್‌ರೂಟ್ ಜ್ಯೂಸ್ ಕುಡಿ ಮಾರಾಯ್ತಿ, ಮಾತ್ರೆಯೆಲ್ಲ ಉಷ್ಣ’ ಎನ್ನುತ್ತಾರೆ. ವಿಜಯಪುರದ ಅವ್ವ, ‘ಆ ಗುಳಗಿ ನುಂಗಬ್ಯಾಡವ್ವಾ, ಕೂಸು ಕಪ್ಪಾಗ್ತದ, ಖಜೂರಿ ತಿನ್ನು, ಶೇಂಗಾ-ಬೆಲ್ಲ ತಿನ್ನು’ ಎಂದು ಗಾಬರಿಯಾಗುತ್ತಾಳೆ. ಎದುರುಮನೆಯ ಮರಾಠಿ ಕಾಕು ಅಳವಿ ಬೀಜದ ಲಾಡು ಮಾಡಿಕೊಡಲೇ ಎಂದು ಕೇಳುತ್ತಾರೆ. ಸಂಜೆಯ ಹೊತ್ತಿಗೆ ಗಂಡನ ಮೊಬೈಲಿನಲ್ಲಿ ‘ನೂರಕ್ಕೆ ನೂರು ನೈಸರ್ಗಿಕ ಐರನ್’ ಎಂಬ ಹಸಿರು ಡಬ್ಬಿಯ ಜಾಹೀರಾತು ತೇಲಿಬರುತ್ತದೆ.

ಇವರಲ್ಲಿ ಯಾರ ಅಕ್ಕರೆಯೂ ಸುಳ್ಳಲ್ಲ. ಆದರೆ ಆ ಬಸುರಿಯ ಮೈಯಲ್ಲಿ ಕಡಿಮೆಯಾಗಿರುವುದು ಯಾವುದು, ಎಷ್ಟು ಎಂಬ ಪ್ರಶ್ನೆಯನ್ನು ಅವರಲ್ಲಿ ಒಬ್ಬರೂ ಕೇಳಿಲ್ಲ. ಸುಮಾರು ನೂರು ವರ್ಷಗಳ ಹಿಂದೆ ಇದೇ ರೈಲುಹಳಿಯ ಆ ತುದಿಯಲ್ಲಿ, ಪರೇಲಿನಲ್ಲಿ, ಒಬ್ಬ ಹೆಂಗಸು ಅದನ್ನು ಕೇಳಿದ್ದಳು.

ಗಿರಣಿಯ ಊರಿಗೆ ಬಂದ ವೈದ್ಯೆ

ಲೂಸಿ ವಿಲ್ಸ್ ಇಂಗ್ಲೆಂಡಿನವರು, 1888ರಲ್ಲಿ ಹುಟ್ಟಿದವರು. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿ ಆಮೇಲೆ ವೈದ್ಯೆಯಾದರು. 1928ರಲ್ಲಿ ಅವರು ಮುಂಬಯಿಗೆ ಬಂದದ್ದಕ್ಕೆ ಒಂದು ದಾರುಣ ಕಾರಣವಿತ್ತು. ಬಟ್ಟೆಗಿರಣಿಗಳ ಬಡ ಕಾರ್ಮಿಕ ಹೆಂಗಸರು ಬಸುರಿನ ಕೊನೆಯ ತಿಂಗಳುಗಳಲ್ಲಿ ಬಿಳಿಚಿಕೊಂಡು, ಕಾಲು ಊದಿಕೊಂಡು, ಏದುಸಿರು ಬಿಡುತ್ತ ಸಾಯುತ್ತಿದ್ದರು. ಬಾಣಂತಿ ಸಾವುಗಳ ಕಾರಣ ಹುಡುಕಲು ಮಾರ್ಗರೆಟ್ ಬಾಲ್ಫೋರ್ ಎಂಬ ವೈದ್ಯೆ ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ವಿಚಾರಣೆ ಕೈಗೊಂಡಿದ್ದರು. ವಿಲ್ಸ್ ಅದರೊಳಗೆ ಸೇರಿಕೊಂಡರು.

ಸೂಕ್ಷ್ಮದರ್ಶಕದಡಿ ಆ ರಕ್ತ ವಿಚಿತ್ರವಾಗಿತ್ತು. ಕಬ್ಬಿಣ ಸಾಲದಿದ್ದರೆ ಕೆಂಪುಕಣಗಳು ಸಣ್ಣದಾಗಿ, ಬಣ್ಣಗೆಟ್ಟು ಕಾಣಬೇಕು. ಇಲ್ಲಿ ಅವು ದೊಡ್ಡದಾಗಿದ್ದವು. ವಿಲ್ಸ್ ಸೋಂಕಿನ ಗುಮಾನಿಯನ್ನು ಪರೀಕ್ಷಿಸಿ ಬದಿಗಿಟ್ಟರು. ತಲ್ಪಾಡೆ, ಮೆಹ್ತಾ ಎಂಬ ಇಲ್ಲಿನ ಸಹೋದ್ಯೋಗಿಗಳ ಜೊತೆ ಹೆಂಗಸರ ಊಟ, ವಸತಿಗಳನ್ನೆಲ್ಲ ವಿಚಾರಿಸಿದರು. ಹಣ್ಣು, ತರಕಾರಿ, ಮೊಟ್ಟೆ, ಮಾಂಸಗಳ ಮುಖವನ್ನೇ ಕಾಣದ ಬಡವರ ಮನೆಗಳಲ್ಲಿ ಕಾಯಿಲೆ ಹೆಚ್ಚಿತ್ತು. ಇಲಿಗಳಿಗೂ ಮಂಗಗಳಿಗೂ ಅದೇ ಬಡ ಊಟ ತಿನ್ನಿಸಿ ನೋಡಿದರು. ಕೊನೆಗೆ ಕೈಹಿಡಿದದ್ದು ಮಾರ್ಮೈಟ್. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟ್‌ನಿಂದ ಮಾಡುವ, ಬ್ರೆಡ್ಡಿಗೆ ಸವರಿಕೊಳ್ಳುವ ಕಪ್ಪು ಅಂಟು, ಅಗ್ಗದ ಪದಾರ್ಥ. ಅದನ್ನು ತಿಂದ ಬಸುರಿಯರು ಚೇತರಿಸಿಕೊಂಡರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ಯೀಸ್ಟ್‌ನೊಳಗಿನ ಹೆಸರಿಲ್ಲದ ಆ ವಸ್ತುವಿಗೆ ಲೋಕ ‘ವಿಲ್ಸ್ ಫ್ಯಾಕ್ಟರ್’ ಎಂದಿತು. 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಕರೆದರು. ಅದರ ಕೃತಕ ತಯಾರಿಕೆ ಸಾಧ್ಯವಾದದ್ದು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮುಂದಾಳಾಗಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ. ಇಂದು ಬಸುರಿಯರು ನುಂಗುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವ ಫೋಲಿಕ್ ಆಮ್ಲದ ಕತೆ ಹೀಗೆ ಪರೇಲಿನಲ್ಲಿ ಶುರುವಾದದ್ದು.

ನೈಸರ್ಗಿಕ ಪದಾರ್ಥವೊಂದು ಬಸುರಿಯರ ಜೀವ ಉಳಿಸಿದ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಹಸಿರು ಡಬ್ಬಿ ಮಾರುವವರು ಇದನ್ನು ತಮ್ಮ ಪರವಾಗಿ ಹೇಳಿಕೊಳ್ಳಬಹುದು. ಆದರೆ ವಿಲ್ಸ್ ಮೊದಲು ರಕ್ತ ನೋಡಿದರು, ಆಮೇಲೆ ತಟ್ಟೆ ನೋಡಿದರು, ಕಡೆಗೆ ಮದ್ದು ಹುಡುಕಿದರು. ಆ ಹೆಂಗಸರಿಗೆ ಬರೀ ಕಬ್ಬಿಣ ಕೊಟ್ಟಿದ್ದರೆ ಬದುಕುತ್ತಿರಲಿಲ್ಲ. ಇಂದಿನ ಕಬ್ಬಿಣದ ಕೊರತೆಯ ಬಸುರಿಗೆ ಮಾರ್ಮೈಟ್ ಕೊಟ್ಟರೂ ಅದೇ ಪಾಡು. ಕಬ್ಬಿಣದ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ಯುದ್ಧಕಾಲದ ಲಂಡನ್ನಿನಲ್ಲಿ ಬಸುರಿಯರಿಗೆಲ್ಲ ಕಬ್ಬಿಣ ಕೊಟ್ಟರೆ ಏನಾಗುತ್ತದೆ ಎಂದು ಅಧ್ಯಯನ ಮಾಡಿ 1947ರಲ್ಲಿ ಪ್ರಕಟಿಸಿದರು.

ಸಾವಿರ ಮಿಲಿಗ್ರಾಂ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ. ಹೀಮೊಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗಿಳಿದರೆ ತೀವ್ರ. ಬಸುರಿನಲ್ಲಿ ರಕ್ತದ ನೀರಿನಂಶ ಅರ್ಧದಷ್ಟು ಹೆಚ್ಚುತ್ತದೆ, ಕಣಗಳು ಅಷ್ಟು ಹೆಚ್ಚುವುದಿಲ್ಲ. ಹಾಗಾಗಿ ನಡುತಿಂಗಳುಗಳಲ್ಲಿ ಅಂಕಿ ಒಂದಿಷ್ಟು ಇಳಿಯುವುದು ಸಹಜ. 9.2 ಮಾತ್ರ ಆ ಸಹಜದ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಬಸುರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಮಗುವಿಗೂ ಮಾಸಿಗೂ 300, ತಾಯಿಯ ಹೆಚ್ಚುವರಿ ರಕ್ತಕ್ಕೆ 500, ಮೈಯಿಂದ ದಿನನಿತ್ಯ ಕಳೆದುಹೋಗುವುದು 200. ಮೊದಲ ತಿಂಗಳುಗಳಲ್ಲಿ ಬೇಡಿಕೆ ಕಡಿಮೆ. ಕೊನೆಯ ಅರ್ಧದಲ್ಲಿ ದಿನಕ್ಕೆ ಐದಾರು ಮಿಲಿಗ್ರಾಂ ರಕ್ತಕ್ಕೆ ಸೇರಲೇಬೇಕು. ತಿನ್ನುವುದು ಬೇರೆ, ಸೇರುವುದು ಬೇರೆ ಎಂಬುದು ಇಲ್ಲಿಯ ಗುಟ್ಟು. ಧಾನ್ಯ, ಸೊಪ್ಪು, ಬೇಳೆಗಳ ಕಬ್ಬಿಣದಲ್ಲಿ ಕರುಳು ಹೀರಿಕೊಳ್ಳುವುದು ನೂರಕ್ಕೆ ಐದರಿಂದ ಹತ್ತು ಭಾಗ.

ಈಗ ಬೀಟ್‌ರೂಟ್ ನೋಡಿ. ನೂರು ಗ್ರಾಂ ಗಡ್ಡೆಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಕಾಲು ಕಿಲೋ ಹಿಂಡಿ ಒಂದು ಲೋಟ ರಸ ತೆಗೆದರೆ ಮೈಗೆ ಸೇರುವುದು ಹೆಚ್ಚೆಂದರೆ 0.2 ಮಿಲಿಗ್ರಾಂ. ದಿನದ ಬೇಡಿಕೆ ತುಂಬಲು ಇಪ್ಪತ್ತೈದು ಲೋಟ ಬೇಕು! ಅದರ ಕೆಂಪು ಬಣ್ಣ ಬೇರೊಂದು ರಂಗಿನದು, ರಕ್ತಕ್ಕೂ ಅದಕ್ಕೂ ನಂಟಿಲ್ಲ. ಹತ್ತು ಗ್ರಾಂ ಬೆಲ್ಲದ ಚೂರಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣ ಇದ್ದರೆ ಅದೇ ಹೆಚ್ಚು. ಬಸುರಿನ ಸಕ್ಕರೆ ಕಾಯಿಲೆ ಇರುವವರಿಗಂತೂ ಅದು ದುಬಾರಿ ಬಾಬತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಅದರಲ್ಲಿ ಹತ್ತನೇ ಒಂದು ಭಾಗ ಸೇರಿದರೂ ಆರು ಮಿಲಿಗ್ರಾಂ ಆಯಿತು. ಮೂಟೆಗಟ್ಟಲೆ ತರಕಾರಿ ಮಾಡಲಾಗದ್ದನ್ನು ಒಂದು ಮಾತ್ರೆ ಮಾಡುತ್ತದೆ. ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಪ್ಪಾಗುವುದು ತಾಯಿಯ ಮಲ, ಅದರಿಂದ ತೊಂದರೆಯೂ ಇಲ್ಲ.

ಅಡುಗೆಮನೆಯ ನಿಜವಾದ ಕೆಲಸ

ಹಾಗೆಂದು ಅಡುಗೆಮನೆಗೆ ಬೀಗ ಹಾಕಬೇಕಾಗಿಲ್ಲ. ಊಟ ಸರಿಯಿಲ್ಲದ ಮೈಯಲ್ಲಿ ಮಾತ್ರೆಯೂ ಅರೆಬರೆ ಕೆಲಸ ಮಾಡುತ್ತದೆ. ಏನು ತಿಂದೆವು ಎಂಬಷ್ಟೇ ಯಾವುದರ ಜೊತೆ ತಿಂದೆವು ಎಂಬುದೂ ಮುಖ್ಯ. ಊಟದೊಂದಿಗೆ ಹುಳಿಹಣ್ಣಿನ ಸಿ ಜೀವಸತ್ವ ಹೋದರೆ ಸೊಪ್ಪು-ಬೇಳೆಗಳ ಕಬ್ಬಿಣ ಎರಡು ಮೂರು ಪಟ್ಟು ಹೆಚ್ಚು ಸೇರಬಹುದು. ಊಟದ ಜೊತೆಗೇ ಚಹಾ ಕುಡಿದರೆ ಅರ್ಧಕ್ಕಿಂತ ಹೆಚ್ಚು ನಷ್ಟ. ಬೆಳಗಿನ ಲೋಕಲ್ ಹಿಡಿಯುವ ಹೆಂಗಸಿನ ದಿನವನ್ನು ನೆನೆಯಿರಿ: ಚಪಾತಿ ಬಾಯಿಗಿಟ್ಟುಕೊಂಡೇ ಒಂದು ಚಹಾ, ಆಫೀಸು ತಲುಪಿ ಇನ್ನೊಂದು, ಡಬ್ಬಿ ಬಿಚ್ಚಿದ ಕೂಡಲೇ ಮತ್ತೊಂದು ಕಟಿಂಗ್. ಚಹಾವನ್ನು ಊಟದಿಂದ ಒಂದೆರಡು ಗಂಟೆ ಆಚೆ ಸರಿಸುವುದಕ್ಕೆ ಕಾಸು ಖರ್ಚಿಲ್ಲ.

ಮೊಳಕೆ ಬರಿಸಿದ ಮಟಕಿಯ ಉಸಳಿಗೆ ನಿಂಬೆ ಹಿಂಡುವುದು ಮರಾಠಿ ನೆರೆಯವರಿಂದ ಕಲಿಯಬೇಕಾದ ಪಾಠ; ಮೊಳಕೆಯೂ ಹುದುಗೂ ಕಾಳಿನೊಳಗೆ ಕಬ್ಬಿಣವನ್ನು ಕಟ್ಟಿಹಾಕುವ ಅಂಶವನ್ನು ತಗ್ಗಿಸುತ್ತವೆ. ನಮ್ಮ ಹುರಳಿ ಸಾರು, ಹರಿವೆ, ನುಗ್ಗೆಸೊಪ್ಪಿನ ಪಲ್ಯಗಳ ಪಕ್ಕದಲ್ಲಿ ಒಂದು ಪೇರಳೆಯೋ ನೆಲ್ಲಿಕಾಯಿಯೋ ಇರಲಿ. ಮೀನು ತಿನ್ನುವ ಕರಾವಳಿಯವರಿಗೆ ಮರುವಾಯಿ ಬಲವಾದ ಆಸರೆ, ಚೆನ್ನಾಗಿ ಬೇಯಿಸಬೇಕು ಅಷ್ಟೆ. ಮಾಂಸ, ಮೀನಿನ ಕಬ್ಬಿಣ ಸೊಪ್ಪಿನದಕ್ಕಿಂತ ಹಲವು ಪಟ್ಟು ಸುಲಭವಾಗಿ ಸೇರುತ್ತದೆ. ಕುರಿಯ ಪಿತ್ತಜನಕಾಂಗವನ್ನು ಮಾತ್ರ ಬಸುರಿನಲ್ಲಿ ಪದೇಪದೇ ತಿನ್ನಬಾರದು, ಅದರಲ್ಲಿರುವ ವಿಪರೀತ ಎ ಜೀವಸತ್ವ ಮಗುವಿಗೆ ಹಾನಿ. ರಾಗಿ ಒಳ್ಳೆಯದೇ, ಅದರ ದೊಡ್ಡ ಸಂಪತ್ತು ಸುಣ್ಣದಂಶ.

ಬೀಡಿನ ಕಾವಲಿಯ ವಿಷಯಕ್ಕೆ ಬರೋಣ. ಹುಳಿ ಪದಾರ್ಥವನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದರೆ ಕಬ್ಬಿಣ ಸಾರಿಗಿಳಿಯುವುದು ನಿಜ. ಕಾಂಬೋಡಿಯಾದಲ್ಲಿ ಕೆನಡಾದ ಸಂಶೋಧಕರು ಪಾತ್ರೆಗೆ ಹಾಕಿ ಕುದಿಸುವ ಮೀನಿನಾಕಾರದ ಕಬ್ಬಿಣದ ಗಟ್ಟಿಯನ್ನೇ ಹಂಚಿದರು, ಜಗತ್ತೆಲ್ಲ ಹೊಗಳಿತು. 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಮೀನು ಅಲ್ಲಿನ ಹೆಂಗಸರ ಹೀಮೊಗ್ಲೋಬಿನ್ ಏರಿಸಲಿಲ್ಲ. ಕಬ್ಬಿಣದ ಕೊರತೆಯೇ ಅವರಲ್ಲಿ ಕಡಿಮೆಯಿತ್ತು. ರಕ್ತದ ಆನುವಂಶಿಕ ದೋಷಗಳು ಹೆಚ್ಚಿದ್ದವು.

ಈ ಮಾತು ಕಲ್ಯಾಣ-ಡೊಂಬಿವಲಿಗೆ ನೇರವಾಗಿ ಅನ್ವಯಿಸುತ್ತದೆ. ದೇಶ ಒಡೆದಾಗ ಸಿಂಧಿನಿಂದ ಬಂದವರನ್ನು ಇರಿಸಿದ ಕಲ್ಯಾಣ ಕ್ಯಾಂಪ್ ಮುಂದೆ ಉಲ್ಹಾಸನಗರವಾಯಿತು. ಸಿಂಧಿ, ಲೋಹಾಣಾ, ಕಛಿ ಭಾನುಶಾಲಿ ಸಮಾಜಗಳಲ್ಲಿ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದೋಷದ ವಾಹಕರು ಹೆಚ್ಚು. ವಾಹಕರು ಎಲ್ಲ ಸಮಾಜಗಳಲ್ಲೂ ಇದ್ದಾರೆ, ಕನ್ನಡಿಗರಲ್ಲೂ. ಅವರಿಗೆ ಕಾಯಿಲೆಯಿಲ್ಲ, ಆದರೆ ಹೀಮೊಗ್ಲೋಬಿನ್ ಸದಾ ತುಸು ಕಡಿಮೆ, ಕಣಗಳು ಸಣ್ಣ. ಚೀಟಿ ನೋಡಿದರೆ ಕಬ್ಬಿಣದ ಕೊರತೆಯಂತೆಯೇ ಕಾಣುತ್ತದೆ. ಗಂಡನೂ ಹೆಂಡತಿಯೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಸಂಭವ. ಬಸುರಿನ ಮೊದಲ ತಿಂಗಳುಗಳಲ್ಲೇ ಎಚ್‌ಪಿಎಲ್‌ಸಿ ಎಂಬ ಒಂದು ರಕ್ತಪರೀಕ್ಷೆ ಮಾಡಿಸಿದರೆ ಇದು ಗೊತ್ತಾಗುತ್ತದೆ. ‘ನ್ಯಾಚುರಲ್’ ಪುಡಿ ಕುಡಿಯುತ್ತ ಮೂರು ತಿಂಗಳು ಕಾಯುವ ಬಸುರಿ ಕಳೆದುಕೊಳ್ಳುವುದು ಆ ಹೊತ್ತನ್ನು. ಇನ್ನು ಮಾಂಸಾಹಾರ ಮುಟ್ಟದ ನಮ್ಮ ಲಿಂಗಾಯತ, ಬ್ರಾಹ್ಮಣ, ಜೈನ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಯಾವ ಸೊಪ್ಪಿನಲ್ಲೂ ಅದು ಸಿಗುವುದಿಲ್ಲ. ಸ್ಪಿರುಲಿನಾದಲ್ಲಿರುವುದು ನಮ್ಮ ಮೈಗೆ ದಕ್ಕದ ರೂಪದ್ದು.

ಡಬ್ಬಿಯೊಳಗೆ ಏನಿದೆ

ಮಾರುಕಟ್ಟೆಯ ಬಹುಪಾಲು ‘ನೈಸರ್ಗಿಕ ಐರನ್’ ಉತ್ಪನ್ನಗಳು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಪಡೆದವು, ಅಂದರೆ ಕಾನೂನಿನ ಕಣ್ಣಿಗೆ ಅವು ಆಹಾರ. ರೋಗ ಗುಣಪಡಿಸುತ್ತೇವೆ ಎಂದು ಹೇಳುವ ಹಕ್ಕು ಅವಕ್ಕಿಲ್ಲ. ಒಂದು ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಶುದ್ಧ ಕಬ್ಬಿಣ ಎಂದು ಹಿಂಬದಿಯ ಚೀಟಿ ಓದಿ.

ಆಯುರ್ವೇದದ ಧಾತ್ರಿ ಲೋಹ, ಪುನರ್ನವ ಮಂಡೂರಗಳ ಮಾತು ಬೇರೆ. ಅವುಗಳಲ್ಲಿರುವುದು ಕಬ್ಬಿಣವೇ, ನೆಲ್ಲಿಕಾಯಿಯೊಡನೆ ಕಬ್ಬಿಣ ಸೇರಿಸಿದ ಹಿರಿಯರ ತಿಳಿವು ಗೌರವಕ್ಕೆ ಅರ್ಹವಾದದ್ದು. ಆದರೆ ಭಸ್ಮ ಯಾರು ಮಾಡಿದರು, ಹೇಗೆ ಶುದ್ಧಿ ಮಾಡಿದರು ಎಂಬುದು ಗೊತ್ತಿಲ್ಲದೆ ಬಸುರಿ ಅದನ್ನು ನುಂಗಕೂಡದು. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಭಾರತದಿಂದ ತರಿಸಿದ ಆಯುರ್ವೇದ ಔಷಧಿ ತೆಗೆದುಕೊಂಡ ಆರು ಬಸುರಿಯರ ರಕ್ತದಲ್ಲಿ ಸೀಸದ ವಿಷ ಪತ್ತೆಯಾಯಿತು. ಸೀಸ ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ. ಕಬ್ಬಿಣ ಕಡಿಮೆಯಿರುವ ಮೈ ಸೀಸವನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ ಎಂಬುದು ಇದರ ಕ್ರೂರ ಮುಖ.

ರಾತ್ರಿಯ ಮಾತ್ರೆ

ಮಾತ್ರೆಯನ್ನು ಬಿಡುವ ಹೆಂಗಸರನ್ನು ಬೈಯುವ ವೈದ್ಯರನ್ನು ಕಂಡಿದ್ದೇವೆ. ಅದು ನನಗೆ ಒಪ್ಪಿಗೆಯಿಲ್ಲ. ವಾಕರಿಕೆ, ಹೊಟ್ಟೆಯುರಿ, ಮಲಬದ್ಧತೆ ಎಲ್ಲ ನಿಜ. ಬೆಳಗಿನ ರೈಲಿನಲ್ಲಿ ವಾಕರಿಕೆ ತಡೆದು ನಿಲ್ಲುವ ಕಷ್ಟ ನಿಂತವರಿಗೇ ಗೊತ್ತು. ರಾತ್ರಿ ಊಟವಾಗಿ ಒಂದೆರಡು ಗಂಟೆಯ ಮೇಲೆ, ನಿಂಬೆನೀರಿನ ಜೊತೆ ನುಂಗಿದರೆ ಅನೇಕರಿಗೆ ತಡೆಯುತ್ತದೆ. ಹಾಲಿನ ಜೊತೆ ಬೇಡ. ತಡೆಯದಿದ್ದರೆ ನಿಲ್ಲಿಸುವ ಬದಲು ವೈದ್ಯರನ್ನು ಕೇಳಿ ಬೇರೆ ರೂಪದ ಕಬ್ಬಿಣಕ್ಕೆ ಹೊರಳಬಹುದು.

ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದೊಂದಿಗೆ ಒಂದೇ ಗುಟುಕಿಗೆ ನುಂಗುವವರು ಬಹಳ. ಒಂದು ಇನ್ನೊಂದಕ್ಕೆ ಅಡ್ಡ ನಿಲ್ಲುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ 11,000 ಚೊಚ್ಚಲ ಬಸುರಿಯರಲ್ಲಿ ನಡೆಸಿ 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನ, ರಕ್ತದೊತ್ತಡದ ನಂಜನ್ನು ತಡೆಯಲು ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ 1500ಕ್ಕೆ ಕಡಿಮೆಯೇನಲ್ಲ ಎಂದು ತೋರಿಸಿದೆ. ಮಾತ್ರೆಗಳ ರಾಶಿ ಕರಗುವ ದಾರಿ ಇದು. ಎಷ್ಟು ಸಾಕು ಎಂದು ನಿಮ್ಮ ವೈದ್ಯರನ್ನೇ ಕೇಳಿ.

ಸರಿಯಾಗಿ ನುಂಗಿದರೂ ಒಂದು ತಿಂಗಳಲ್ಲಿ ಅಂಕಿ ಒಂದು ಗ್ರಾಂ ಏರದಿದ್ದರೆ ಕಾರಣ ಹುಡುಕಬೇಕು. ಹೆರಿಗೆ ಹತ್ತಿರವಿದ್ದು ರಕ್ತ ತೀರಾ ಕಡಿಮೆಯಿದ್ದರೆ ಆಸ್ಪತ್ರೆಯಲ್ಲಿ ನಾಳದ ಮೂಲಕ ಕಬ್ಬಿಣ ಕೊಡುತ್ತಾರೆ, ಮೊದಲ ಮೂರು ತಿಂಗಳಲ್ಲಿ ಮಾತ್ರ ಕೊಡುವಂತಿಲ್ಲ. ಪ್ರತಿ ತಿಂಗಳ 9ನೇ ತಾರೀಕು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತ. ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ಕಳವಾದ ಶಿವಾಜಿ ಆಸ್ಪತ್ರೆ, ವಾಶಿಯ ಪಾಲಿಕೆ ಆಸ್ಪತ್ರೆಗಳು ಇಲ್ಲಿಯವರಿಗೆ ಹತ್ತಿರ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿ. ಠಾಣೆಯಲ್ಲಿ ಮತ್ಸ್ಯಗಂಧ, ಕಲ್ಯಾಣದಲ್ಲಿ ಉದ್ಯಾನ್ ಹತ್ತುವ ಹೊತ್ತಿಗೆ ಸೀರೆ, ಬಳೆ, ಸೀಮಂತದ ಉಡುಗೊರೆಗಳೆಲ್ಲ ಚೀಲ ಸೇರಿರುತ್ತವೆ. ರಕ್ತಪರೀಕ್ಷೆಯ ಕಡತ ಕಪಾಟಿನಲ್ಲೇ ಉಳಿಯುತ್ತದೆ. ಊರಿನ ವೈದ್ಯರು ಎಲ್ಲವನ್ನೂ ಮೊದಲಿಂದ ಶುರುಮಾಡಬೇಕಾಗುತ್ತದೆ, ಅಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ. ಕಡತವೂ ಎರಡು ತಿಂಗಳ ಮಾತ್ರೆಯೂ ಕೈಚೀಲದಲ್ಲಿರಲಿ. ಹೆರಿಗೆಯ ನಂತರವೂ 180 ದಿನ ಮಾತ್ರೆ ನುಂಗಬೇಕೆಂಬುದು 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ನಿಯಮ. ಬಾಣಂತನದ ಗಡಿಬಿಡಿಯಲ್ಲಿ ಹೆಚ್ಚಿನ ಮನೆಗಳು ಮರೆಯುವುದು ಇದನ್ನೇ. ಅಳವಿಯ ಪಾಯಸಕ್ಕೂ ಕಾಕುವಿನ ಲಾಡಿಗೂ ಆಗ ಸಮಯ. ಬಸುರಿನಲ್ಲಿ ದೂರವಿಟ್ಟು ಬಾಣಂತಿಗೆ ಕೊಡುವ ಪದ್ಧತಿಯನ್ನು ಎರಡೂ ನಾಡಿನ ಅಜ್ಜಿಯರು ಇಟ್ಟುಕೊಂಡು ಬಂದಿದ್ದಾರೆ. ಮಾತ್ರೆ ರಾತ್ರಿಗಿರಲಿ, ಪಾಯಸ ಬೆಳಿಗ್ಗೆ.