ಉಗುರಿನಷ್ಟು ಕಾರ್ಡಿನಲ್ಲಿ ಉಳಿದ ಧ್ವನಿ

ಮಧುಗಿರಿಯ ನಮ್ಮ ಖಾಲಾ ಮೊನ್ನೆ ಮಾತ್ರೆಯ ಖಾಲಿ ಡಬ್ಬಿಯೊಂದನ್ನು ನನ್ನ ಕೈಗಿತ್ತರು. ಮುಚ್ಚಳ ತೆಗೆದರೆ ಹತ್ತಿಯ ನಡುವೆ ಕಿರುಬೆರಳಿನ ಉಗುರಿನಷ್ಟು ಅಗಲದ ಕಪ್ಪು ಮೆಮೊರಿ ಕಾರ್ಡ್.

"ನಿನ್ನ ಖಾಲು ಫಜ್ರ್ ಆದ ಮೇಲೆ ಯಾಸೀನ್ ಓದುತ್ತಿದ್ದರಲ್ಲ, ಅದನ್ನು ಇದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆವು. ಫೋನು ಕೆಟ್ಟು ಎಷ್ಟೋ ವರ್ಷವಾಯಿತು. ಅಂಗಡಿಯ ಹುಡುಗ ಕಾರ್ಡ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು ಅಂದ. ನನಗೆ ಮನಸ್ಸು ಬರಲಿಲ್ಲ ಬೇಟಿ" ಎಂದರು.

ಖಾಲು ತೀರಿಕೊಂಡು ಹನ್ನೆರಡು ವರ್ಷ. ಫಾರ್ಮ್ಯಾಟ್‌ಗೆ ಅವರು ಒಪ್ಪದಿದ್ದುದೇ ಒಳ್ಳೆಯದಾಯಿತು.

ಸಹೋದರಿಯರೇ, ಇಂತಹ ಕಾರ್ಡು ನಿಮ್ಮ ಮನೆಯ ಕಪಾಟಿನಲ್ಲೂ ಒಂದೆರಡು ಇದ್ದೀತು. ಒಂದು ಕಾಲದಲ್ಲಿ ಶಿರಾ, ಪಾವಗಡ, ಕೊರಟಗೆರೆ ಎಲ್ಲೇ ಹೋಗಿ, ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಕಾರ್ಡ್ ತುಂಬ ನಾತ್, ಬಯಾನ್ ಹಾಕಿಕೊಡುತ್ತಿದ್ದರು. ಮಕ್ಕಳ ಬಿಸ್ಮಿಲ್ಲಾ, ಅಕೀಕಾ, ಮದುವೆ ಎಲ್ಲವೂ ಅದೇ ಕಾರ್ಡಿಗೆ ಸೇರಿದವು. ಈಗಿನ ಅನೇಕ ಫೋನುಗಳಲ್ಲಿ ಕಾರ್ಡ್ ಹಾಕುವ ಜಾಗವೇ ಇಲ್ಲ. ಹಾಗಾಗಿ ಕಾರ್ಡುಗಳು ಸೂಜಿ ದಾರದ ಡಬ್ಬಿ ಸೇರಿವೆ.

ಅವುಗಳನ್ನು ತೆರೆಯುವ ಸಾಧನವೇ ಕಾರ್ಡ್ ರೀಡರ್. ಪೆನ್‌ಡ್ರೈವ್‌ನಷ್ಟೇ ಇರುವ ಇದರ ಬೆಲೆ ಒಂದು ಕೆಜಿ ಮಟನ್ನಿಗಿಂತ ಕಡಿಮೆ. ಕೊಳ್ಳುವಾಗ ಒಂದು ವಿಷಯ ಗಮನಿಸಿ. ಎಸ್‌ಡಿ ಕಾರ್ಡ್ 1999ರಲ್ಲಿ ಬಂತು. ಎರಡು ಜಿಬಿಗಿಂತ ಹೆಚ್ಚು ಹಿಡಿಯುವ ಎಸ್‌ಡಿಎಚ್‌ಸಿ 2006ರಲ್ಲಿ, ಮೂವತ್ತೆರಡು ಜಿಬಿಗಿಂತ ದೊಡ್ಡದಾದ ಎಸ್‌ಡಿಎಕ್ಸ್‌ಸಿ 2009ರಲ್ಲಿ ಬಂದವು. ಮೂರೂ ನೋಡಲು ಒಂದೇ ತರಹ. ಆದರೆ ಹಳೆಯ ರೀಡರ್‌ಗೆ ಹೊಸ ಬಗೆಯ ಕಾರ್ಡ್ ಅರ್ಥವಾಗದು. ಅದು ಸುಮ್ಮನಿರುತ್ತದೆ, ಇಲ್ಲವೇ ಕಾರ್ಡ್ ಕೆಟ್ಟಿದೆ ಎಂಬಂತೆ ತೋರಿಸುತ್ತದೆ. ಖಾಲಾರ ಕಾರ್ಡ್ ನಾಲ್ಕು ಜಿಬಿಯದು. ಅಂಗಡಿಯಲ್ಲಿ ಆಗಿದ್ದೂ ಬಹುಶಃ ಇದೇ. ನನ್ನ ಹೊಸ ರೀಡರ್‌ನಲ್ಲಿ ಅದು ಒಂದೇ ಸಲಕ್ಕೆ ತೆರೆದುಕೊಂಡಿತು.

ಮಾಡಬೇಕಾದ್ದು ಇಷ್ಟೇ. ಕಾರ್ಡನ್ನು ರೀಡರ್‌ಗೆ, ರೀಡರನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಸೇರಿಸಿ. 'ದಿಸ್ ಪಿಸಿ'ಯಲ್ಲಿ (ಮೊದಲು ಇದನ್ನೇ 'ಮೈ ಕಂಪ್ಯೂಟರ್' ಎನ್ನುತ್ತಿದ್ದೆವು) ಹೊಸ ಡ್ರೈವ್ ಕಾಣುತ್ತದೆ. ಕ್ಯಾಮೆರಾ ತೆಗೆದ ಚಿತ್ರಗಳು ಸಾಮಾನ್ಯವಾಗಿ 'ಡಿಸಿಐಎಂ' ಎಂಬ ಫೋಲ್ಡರಿನಲ್ಲಿರುತ್ತವೆ. ಎಲ್ಲವನ್ನೂ ಕಾಪಿ ಮಾಡಿ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರಿಗೆ ಹಾಕಿ. 'ಕಟ್' ಮಾಡಬೇಡಿ. ನಡುವೆ ಕರೆಂಟ್ ಹೋದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬಂತಾದೀತು. ಹಾಕಿದ್ದನ್ನು ತೆರೆದು ನೋಡಿಕೊಂಡು, ಬೇರೊಂದು ಕಡೆ ಇನ್ನೊಂದು ಪ್ರತಿ ಇಟ್ಟು, 'ಇಜೆಕ್ಟ್' ಒತ್ತಿದ ಮೇಲೆಯೇ ಕಾರ್ಡ್ ಕೀಳಿ. ಕಂಪ್ಯೂಟರ್ ಇಲ್ಲದವರು ಟೈಪ್-ಸಿ ರೀಡರನ್ನು ನೇರವಾಗಿ ಮೊಬೈಲಿಗೇ ಸಿಕ್ಕಿಸಬಹುದು.

'ಫಾರ್ಮ್ಯಾಟ್ ಮಾಡಬೇಕೇ?' ಎಂದು ಕಂಪ್ಯೂಟರ್ ಕೇಳಿದರೆ ಖಂಡಿತ 'ಹೌದು' ಎನ್ನಬೇಡಿ. ಮೊದಲು ಒಣ ಬಟ್ಟೆಯಿಂದ ಕಾರ್ಡಿನ ಹಳದಿ ಪಟ್ಟಿಗಳನ್ನು ಒರೆಸಿ, ಬೇರೆ ರೀಡರ್‌ನಲ್ಲಿ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ಕಾರ್ಡನ್ನು ಒಳಗಿನ ಮೆಮೊರಿಯಾಗಿ ಬಳಸಿದ್ದರೆ ಅದು ಆ ಫೋನಿನಲ್ಲಿ ಮಾತ್ರ ತೆರೆಯುತ್ತದೆ. ಹಾಗಾಗಿ ಫೋನನ್ನು ಗುಜರಿಗೆ ಹಾಕುವ ಮುನ್ನ ಯೋಚಿಸಿ. ತಡವೂ ಮಾಡಬೇಡಿ. ಈ ಕಾರ್ಡುಗಳಲ್ಲಿ ಮಾಹಿತಿ ಉಳಿಯುವುದು ಸೂಕ್ಷ್ಮ ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ಬಳಸದೆ ಇಟ್ಟರೆ ಅದು ನಿಧಾನವಾಗಿ ಸೋರಿಹೋಗುತ್ತದೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಕೊರಟಗೆರೆಯ ಸಹೋದರಿಯೊಬ್ಬರು ಹಳೆಯ ಫೋನನ್ನು ಕಾರ್ಡ್ ಸಮೇತ ಮಾರಲು ಹೊರಟಿದ್ದರು. "ಎಲ್ಲ ಡಿಲೀಟ್ ಮಾಡಿದ್ದೇನೆ ಆಪಾ, ಸಾಕಲ್ಲವೇ?" ಎಂದು ಕೇಳಿದರು. ನಾನು ಅವರ ಕಾರ್ಡನ್ನು ರೀಡರ್‌ಗೆ ಹಾಕಿ, ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದೆ. ಅವರ ತಂಗಿಯ ಮೆಹಂದಿಯ ದಿನ ಹೆಂಗಸರು ಮಾತ್ರ ಇದ್ದಾಗ ತೆಗೆದ ಫೋಟೋಗಳು ಒಂದೊಂದಾಗಿ ಎದ್ದುಬಂದವು. ಆಕೆಯ ಮುಖ ಬಿಳುಪೇರಿತು.

ಡಿಲೀಟ್ ಎಂದರೆ ಡಬ್ಬಿಯ ಮೇಲಿನ ಚೀಟಿ ಕಿತ್ತ ಹಾಗೆ. ಒಳಗಿನ ಬೇಳೆ ಅಲ್ಲೇ ಇರುತ್ತದೆ. ಬೇರೇನಾದರೂ ತುಂಬುವವರೆಗೂ ಅದು ಖಾಲಿಯಾಗದು. ತಪ್ಪಿ ಅಳಿಸಿದವರಿಗೆ ಇದು ವರದಾನ. ಆ ಕಾರ್ಡಿನಲ್ಲಿ ಮತ್ತೆ ಫೋಟೋ ತೆಗೆಯದೆ ಕೂಡಲೇ ಹೊರತೆಗೆದರೆ ಬಹಳಷ್ಟು ವಾಪಸು ಸಿಗುತ್ತದೆ. ಮಾರುವವರಿಗೋ ಇದೇ ಅಪಾಯ. ಫಾರ್ಮ್ಯಾಟ್ ಮಾಡುವಾಗ 'ಕ್ವಿಕ್ ಫಾರ್ಮ್ಯಾಟ್' ಎಂಬಲ್ಲಿನ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಬೇಕು. ನನ್ನನ್ನು ಕೇಳಿದರೆ, ಫೋನ್ ಮಾರಿ, ಕಾರ್ಡ್ ಮಾತ್ರ ಮಾರಲೇಬೇಡಿ. ಅದಕ್ಕೆ ಸಿಗುವುದಾದರೂ ಎಷ್ಟು?

ಅನುಮತಿಯಿಲ್ಲದೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬಾರದೆಂದು ಪವಿತ್ರ ಕುರ್‌ಆನಿನ ಸೂರಃ ಅನ್ನೂರ್ ಕಲಿಸುತ್ತದೆ. ಕಾರ್ಡೂ ಒಂದು ಮನೆಯೇ ಅಲ್ಲವೇ? ಅದರಲ್ಲಿರುವ ನೆರೆಮನೆಯ ಹುಡುಗಿಯ ಫೋಟೋ ನಮ್ಮ ಬಳಿಯಿರುವ ಅಮಾನತ್. ಅನಿವಾರ್ಯವಾಗಿ ಅಂಗಡಿಗೆ ಒಯ್ದರೂ ಕಾರ್ಡನ್ನು "ಸಂಜೆ ಬರ್ತೀನಿ" ಎಂದು ಬಿಟ್ಟು ಬರಬೇಡಿ. ಎದುರಿಗೇ ಕುಳಿತು ಕೆಲಸ ಮುಗಿಸಿಕೊಳ್ಳಿ.

ಖಾಲಾರ ಕಾರ್ಡಿನಲ್ಲಿ ಫೋಟೋಗಳೂ ಇದ್ದವು. ಶಿರಾದ ಜುಮ್ಮಾ ಮಸೀದಿಯ ಮುಂದೆ ಈದ್‌ನ ದಿನ ಮೊಮ್ಮಕ್ಕಳ ಸಾಲು. ಮಧುಗಿರಿ ಬೆಟ್ಟದ ಬುಡದಲ್ಲಿ ಬುತ್ತಿ ಬಿಚ್ಚಿ ಕುಳಿತವರು. ಪಾವಗಡದ ತಿರುಮಣಿ ಕಡೆಯ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಪರಿಚಯದ ಕುಟುಂಬವೊಂದರ ಫೋಟೋ ನೋಡಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆ ಕಡೆಯ ಸುಮಾರು 13,000 ಎಕರೆಯಲ್ಲಿ ಈಗ ಸೋಲಾರ್ ಪಾರ್ಕ್. ರೈತರಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆ ಕಣ್ಣು ಹಾಯಿಸಿದಷ್ಟು ದೂರ ನೀಲಿ ಹಲಗೆಗಳು. ಆ ಹೊಲ ಹೇಗಿತ್ತೆಂದು ಆ ಮನೆಯ ಮಕ್ಕಳಿಗೆ ತೋರಿಸಲು ಈ ಫೋಟೋ ಒಂದು ಪ್ರತಿ ಮಾಡಿಟ್ಟಿದ್ದೇನೆ.

ಖಾಲುರವರ ಓದು ಸಿಕ್ಕಿದ್ದು ಕೊನೆಯಲ್ಲಿ. ಹಳೆಯ ಫೋನಿನ 'ಎಎಂಆರ್' ಎಂಬ ಬಗೆಯ ಫೈಲು. ಕಂಪ್ಯೂಟರ್ ತಾನಾಗಿ ನುಡಿಸಲಿಲ್ಲ. ವಿಎಲ್‌ಸಿ ಪ್ಲೇಯರ್ ಹಾಕಿದ ಮೇಲೆ ಕೇಳಿತು. ನಡುವೆ ಕೋಳಿ ಕೂಗು, ಕೊಡಕ್ಕೆ ನೀರು ಬೀಳುವ ಸದ್ದು, ಅವರ ಸಣ್ಣ ಕೆಮ್ಮು. ಖಾಲಾ ದುಪಟ್ಟಾ ಸರಿಪಡಿಸಿಕೊಂಡು ಮುಗಿಯುವವರೆಗೂ ಅಲುಗಾಡದೆ ಕುಳಿತರು.

"ನೀರು ಹಿಡಿಯುತ್ತಿದ್ದವಳು ನಾನೇ" ಎಂದರು. ಆಮೇಲೆ ದುಬೈನಲ್ಲಿರುವ ಮಗನಿಗೆ ಕಳಿಸು ಎಂದರು.