ಚಾರ್ಟ್ ಓದೋಕೂ ಸರ್ಟಿಫಿಕೇಟ್: ಯಾವುದಕ್ಕೆ ಎಷ್ಟು ಬೆಲೆ?

ಐದನೇ ಸೆಮಿಸ್ಟರ್ ಹೊತ್ತಿಗೆ ಪ್ರತಿ ಕ್ಲಾಸಿನಲ್ಲೂ ಒಂದಷ್ಟು ಜನರ ಫೋನಿಗೆ ಟ್ರೇಡಿಂಗ್ ಆ್ಯಪ್ ಬಂದು ಕೂತಿರುತ್ತೆ. ಕ್ಯಾಂಟೀನಿನಲ್ಲಿ ಇಂಟರ್ನಲ್ಸ್ ಮಾತಿನ ಮಧ್ಯೆ ನಿಫ್ಟಿ ಮಾತೂ ನಡೆಯುತ್ತೆ. ಆಮೇಲೆ ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂದಾಗ ಅದೇ ಗುಂಪಿನಿಂದ ಒಂದು ಪ್ರಶ್ನೆ ಏಳುತ್ತೆ: ಟೆಕ್ನಿಕಲ್ ಅನಾಲಿಸಿಸ್‌ನಲ್ಲಿ ಒಂದು ಸರ್ಟಿಫಿಕೇಟ್ ಮಾಡ್ಕೊಂಡ್ರೆ ಕೆಲಸಕ್ಕೆ ಉಪಯೋಗ ಆಗುತ್ತಾ?

ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳೋಕಾಗಲ್ಲ. ಯಾಕಂದ್ರೆ ಸರ್ಟಿಫಿಕೇಟ್ ಅನ್ನೋ ಒಂದೇ ಪದದ ಕೆಳಗೆ ಮೂರು ಬೇರೆ ಬೇರೆ ಸಾಮಾನು ಮಾರಾಟಕ್ಕಿವೆ. ಕಾನೂನು ಕೇಳುವ ಪರೀಕ್ಷೆ ಒಂದು, ವೃತ್ತಿಯವರೇ ಸೇರಿ ಕಟ್ಟಿಕೊಂಡ ಸಂಘದ ಪದವಿ ಇನ್ನೊಂದು, ಕೋಚಿಂಗ್ ಕ್ಲಾಸಿನವರು ಕೊಡುವ ಬಣ್ಣದ ಕಾಗದ ಮತ್ತೊಂದು.

ಮೊದಲು ವಿಷಯದ ಬಗ್ಗೆ ಎರಡು ಮಾತು. ಕಂಪನಿಯ ಲಾಭ, ಸಾಲ, ಲೆಕ್ಕಪತ್ರ ನೋಡಿ ಷೇರಿಗೆ ಬೆಲೆ ಕಟ್ಟೋದು ಫಂಡಮೆಂಟಲ್ ಅನಾಲಿಸಿಸ್. ಅದನ್ನೆಲ್ಲ ಬದಿಗಿಟ್ಟು, ಬೆಲೆ ಮತ್ತು ವಹಿವಾಟಿನ ಪ್ರಮಾಣ ಇಲ್ಲಿವರೆಗೆ ಹೇಗೆ ನಡೆದಿವೆ ಅಂತ ನೋಡಿ ಮುಂದಿನದನ್ನು ಅಂದಾಜು ಮಾಡೋದು ಟೆಕ್ನಿಕಲ್ ಅನಾಲಿಸಿಸ್. ಇದು ನಮಗೆ ಅಷ್ಟೇನೂ ಪರಕೀಯ ಅಲ್ಲ. ಎಲ್ಲ ಆ್ಯಪ್‌ನಲ್ಲೂ ಕಾಣುವ ಆರ್‌ಎಸ್‌ಐ ಸೂಚಕವನ್ನು 1978ರ ತನ್ನ ಪುಸ್ತಕದಲ್ಲಿ ಪರಿಚಯಿಸಿದ ವೆಲ್ಸ್ ವೈಲ್ಡರ್ ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್. ಎಟಿಆರ್, ಎಡಿಎಕ್ಸ್, ಪ್ಯಾರಾಬೋಲಿಕ್ ಎಸ್‌ಎಆರ್ ಕೂಡ ಅದೇ ಪುಸ್ತಕದವು. ಬೆಲೆಯನ್ನು ನುಣುಪು ಮಾಡೋಕೆ ಆತ ಬಳಸಿದ ವಿಧಾನವನ್ನು ಇಸಿಯವರು ನೋಡಿದ್ರೆ, "ಅರೆ, ಇದು ಲೋ ಪಾಸ್ ಫಿಲ್ಟರ್ ಅಲ್ವಾ" ಅಂತಾರೆ. ಹೌದು, ಅದೇ. 50 ದಿನದ ಮೂವಿಂಗ್ ಆವರೇಜ್ ಅಂದ್ರೆ 50 ಟ್ಯಾಪ್‌ನ ಎಫ್‌ಐಆರ್ ಫಿಲ್ಟರ್, ಅದರ ವಿಳಂಬ 24.5 ದಿನ. ಅಂದರೆ ಆ ಗೆರೆ ತೋರಿಸೋದು ಸುಮಾರು ಐದು ವಾರದ ವಹಿವಾಟಿನ ಹಿಂದಿನ ಸಂಗತಿ. ಡಿಎಸ್‌ಪಿ ಪೇಪರನ್ನು ಅರ್ಥ ಮಾಡಿಕೊಂಡು ಪಾಸಾದವರಿಗೆ ಇದನ್ನು ಯಾವ ಕ್ಲಾಸಿನವರೂ ಹೇಳಿಕೊಡಬೇಕಿಲ್ಲ.

ಈಗ ಕಾನೂನಿನ ಪರೀಕ್ಷೆಗೆ ಬರೋಣ. ನಮ್ಮ ದೇಶದಲ್ಲಿ ದುಡ್ಡು ತಗೊಂಡು "ಈ ಷೇರು ಕೊಳ್ಳಿ, ಅದು ಮಾರಿ" ಅಂತ ಹೇಳಬೇಕಾದ್ರೆ ಸೆಬಿಯ 2014ರ ರಿಸರ್ಚ್ ಅನಲಿಸ್ಟ್ ನಿಯಮಗಳು ಅನ್ವಯ ಆಗುತ್ತವೆ. ಚಾರ್ಟ್ ನೋಡಿ ಹೇಳಿದರೂ ಅಷ್ಟೇ, ಬ್ಯಾಲೆನ್ಸ್ ಶೀಟ್ ನೋಡಿ ಹೇಳಿದರೂ ಅಷ್ಟೇ. ಅದಕ್ಕೆ ಬೇಕಾದದ್ದು ಎನ್‌ಐಎಸ್‌ಎಂ ಸಂಸ್ಥೆಯ ಸೀರೀಸ್ 15 ಪರೀಕ್ಷೆ. ಒಟ್ಟು 100 ಅಂಕ, ಪಾಸಾಗೋಕೆ 60, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ 25% ಕಡಿತ, ಸರ್ಟಿಫಿಕೇಟಿನ ಆಯುಸ್ಸು ಮೂರು ವರ್ಷ. ಬ್ರೋಕರೇಜ್ ಕಂಪನಿಯ ರಿಸರ್ಚ್ ಡೆಸ್ಕ್ ಸೇರುವವರಿಗೆ ಇದು ಅಲಂಕಾರ ಅಲ್ಲ, ಬಾಗಿಲ ಬೀಗದ ಕೈ. ಸಿಲಬಸ್‌ನಲ್ಲಿ ಚಾರ್ಟಿನ ಪಾಲು ಕಡಿಮೆ. ಕಂಪನಿ, ಉದ್ಯಮ, ಅರ್ಥವ್ಯವಸ್ಥೆಯ ವಿಶ್ಲೇಷಣೆಯೇ ಜಾಸ್ತಿ. ಒಂದು ಎಚ್ಚರಿಕೆ: ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ಸೆಬಿ ನೋಂದಣಿ ತಾನಾಗಿ ಬರಲ್ಲ. ನೋಂದಣಿಗೆ ಯಾವ ಪದವಿ ಬೇಕು ಅನ್ನೋ ನಿಯಮ 2014ರ ನಂತರ ತಿದ್ದುಪಡಿ ಆಗಿದೆ. ನಮ್ಮ ಬಿ.ಇ. ಅದಕ್ಕೆ ಸಾಲುತ್ತಾ ಅನ್ನೋದನ್ನು ಸೀನಿಯರ್ ಮಾತಿನ ಮೇಲೆ ನಂಬಬೇಡಿ, ಸೆಬಿ ವೆಬ್‌ಸೈಟಿನಲ್ಲಿ ಇವತ್ತಿನ ಪಾಠ ಓದಿ.

ಎರಡನೆಯದು ಸಂಘದ ಪದವಿ. ಇದರಲ್ಲಿ ಹೆಸರು ಮಾಡಿರೋದು ಸಿಎಂಟಿ, ಅಂದರೆ ಚಾರ್ಟರ್ಡ್ ಮಾರ್ಕೆಟ್ ಟೆಕ್ನಿಷಿಯನ್. ಇದನ್ನು ಕೊಡುವ ಸಂಘ ಅಮೆರಿಕದಲ್ಲಿ 1973ರಲ್ಲಿ ಶುರುವಾಯಿತು. ಮೂರು ಹಂತದ ಪರೀಕ್ಷೆ. ಜೊತೆಗೆ ಮೂರು ವರ್ಷದ ಕೆಲಸದ ಅನುಭವ ಇದ್ದರೆ ಮಾತ್ರ ಹೆಸರಿನ ಮುಂದೆ ಆ ಮೂರಕ್ಷರ ಹಾಕಿಕೊಳ್ಳಬಹುದು. ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಟಾ ಕೊಡುವ ಸಿಎಫ್‌ಟಿಇ ಇನ್ನೊಂದು, ಅದರಲ್ಲಿ ಎರಡು ಹಂತ. ಸಿಎಂಟಿಗೆ ಅಮೆರಿಕದಲ್ಲಿ ಒಂದು ಅಧಿಕೃತ ಬೆಲೆಯೂ ಇದೆ: ಅಲ್ಲಿ ಟೆಕ್ನಿಕಲ್ ವರದಿ ಮಾತ್ರ ಬರೆಯುವ ಅನಲಿಸ್ಟ್ ಮೊದಲ ಎರಡು ಹಂತ ಪಾಸಾಗಿದ್ದರೆ, ಸೀರೀಸ್ 86 ಅನ್ನೋ ಕಡ್ಡಾಯ ಪರೀಕ್ಷೆಯಿಂದ ವಿನಾಯಿತಿ ಕೇಳಬಹುದು. ನಮ್ಮಲ್ಲಿ ಅದು ಸೀರೀಸ್ 15ಕ್ಕೆ ಬದಲಿ ಆಗಲ್ಲ. ಹಾಗಾದ್ರೆ ಇಲ್ಲಿ ಬೆಲೆ ಇಲ್ವಾ? ಇದೆ, ಆದರೆ ಕಿರಿದಾದ ಓಣಿಯೊಳಗೆ. ಬ್ರೋಕರೇಜ್‌ನ ಟೆಕ್ನಿಕಲ್ ಡೆಸ್ಕ್, ಕಮಾಡಿಟಿ ಮತ್ತು ಕರೆನ್ಸಿ ಡೆಸ್ಕ್, ಪೋರ್ಟ್‌ಫೋಲಿಯೊ ಮ್ಯಾನೇಜ್‌ಮೆಂಟ್ ಕಚೇರಿ, ಬಿಸಿನೆಸ್ ಚಾನೆಲ್ಲುಗಳು: ಇಲ್ಲಿ ಈ ಮೂರಕ್ಷರ ಕಂಡರೆ "ಇವನು ಸುಮ್ಮನೆ ಗೆರೆ ಎಳೆಯೋನಲ್ಲ, ಕೂತು ಓದಿದ್ದಾನೆ" ಅಂತ ಗೊತ್ತಾಗುತ್ತೆ. ಆ ಓಣಿಯಾಚೆ ಎಚ್‌ಆರ್‌ಗೆ ಇದು ಏನು ಅಂತ ನೀವೇ ಬಿಡಿಸಿ ಹೇಳಬೇಕಾಗುತ್ತೆ.

ಮೂರನೆಯದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು, ಹಾಸ್ಟೆಲ್ ಹುಡುಗರ ದುಡ್ಡು ಹೋಗ್ತಿರೋದು ಇಲ್ಲೇ. ಎರಡು ವೀಕೆಂಡ್ ಕ್ಲಾಸು, ಕೊನೆಗೆ "ಸರ್ಟಿಫೈಡ್ ಟೆಕ್ನಿಕಲ್ ಅನಲಿಸ್ಟ್" ಅಂತ ಚಿನ್ನದ ಅಕ್ಷರದ ಕಾಗದ. ಒಂದು ಸೆಮಿಸ್ಟರಿನ ಫೀಸಿನಷ್ಟು ಕೇಳೋರೂ ಇದ್ದಾರೆ. ಆ ಕಾಗದಕ್ಕೆ ಕಾನೂನಿನ ಬೆಲೆ ಸೊನ್ನೆ. ಮೊದಲ ಕ್ಲಾಸಿನಲ್ಲಿ ತೋರಿಸೋದು ಮೇಷ್ಟ್ರ ಲಾಭದ ಸ್ಕ್ರೀನ್‌ಶಾಟ್. ಕೊನೆಯ ಕ್ಲಾಸಿನಲ್ಲಿ ಅವರದೇ ರೆಫರಲ್ ಲಿಂಕ್‌ನಿಂದ ಟ್ರೇಡಿಂಗ್ ಅಕೌಂಟ್. 2025ರ ಜನವರಿಯಲ್ಲಿ ಸೆಬಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬರೀ ಶಿಕ್ಷಣ ಕೊಡ್ತೀವಿ ಅನ್ನೋರು ಕಳೆದ ಮೂರು ತಿಂಗಳ ಬೆಲೆಯ ಮಾಹಿತಿ ಇಟ್ಟುಕೊಂಡು ಷೇರುಗಳ ಬಗ್ಗೆ ಮಾತಾಡುವಂತಿಲ್ಲ. ಕ್ಲಾಸಿನಲ್ಲಿ ಲೈವ್ ಮಾರ್ಕೆಟ್ ಹಾಕಿ "ಈಗ ಇಲ್ಲಿ ಎಂಟ್ರಿ" ಅಂದ್ರೆ ಅದು ಪಾಠ ಅಲ್ಲ.

ಇದರ ಹಿಂದಿನ ಅಂಕಿಅಂಶ ಗಂಭೀರವಾದದ್ದು. ಸೆಬಿಯ 2024ರ ಅಧ್ಯಯನದಂತೆ, 2021-22ರಿಂದ 2023-24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 93% ಮಂದಿ ಕೈ ಸುಟ್ಟುಕೊಂಡರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಇಂಟ್ರಾಡೇ ಕುರಿತ ಇನ್ನೊಂದು ಅಧ್ಯಯನದಲ್ಲಿ 30 ವರ್ಷದೊಳಗಿನವರ ಪಾಲು 2018-19ರ 18%ನಿಂದ 2022-23ಕ್ಕೆ 48%ಗೆ ಏರಿತ್ತು, ಮತ್ತು ಆ ವಯಸ್ಸಿನವರಲ್ಲಿ 76% ಮಂದಿಗೆ ನಷ್ಟ. ಅಂದರೆ ನಮ್ಮದೇ ವಯಸ್ಸು. ನೆನಪಿಡಿ, ಸಿಎಂಟಿ ಕೂಡ "ಇವರು ಲಾಭ ಮಾಡ್ತಾರೆ" ಅಂತ ಪ್ರಮಾಣ ಕೊಡಲ್ಲ. ವಿಷಯ ಗೊತ್ತು, ನೀತಿಸಂಹಿತೆ ಗೊತ್ತು ಅನ್ನೋದಷ್ಟೇ ಅದರ ಮಾತು.

ಹಾಗಂತ ಇಡೀ ವಿಷಯವೇ ಗಿಳಿಶಾಸ್ತ್ರ ಅಂತ ತಳ್ಳಿಹಾಕೋದೂ ಸರಿಯಲ್ಲ. ಎಂಐಟಿಯ ಆ್ಯಂಡ್ರೂ ಲೊ ಮತ್ತು ಇಬ್ಬರು ಸಂಗಡಿಗರು 1962ರಿಂದ 1996ರವರೆಗಿನ ಅಮೆರಿಕದ ಷೇರುಗಳ ಮೇಲೆ ಹೆಡ್ ಆ್ಯಂಡ್ ಶೋಲ್ಡರ್ಸ್‌ನಂಥ ಆಕೃತಿಗಳನ್ನು ಕಂಪ್ಯೂಟರಿನಿಂದ ಹುಡುಕಿಸಿ, 2000ದಲ್ಲಿ ಪ್ರಬಂಧ ಪ್ರಕಟಿಸಿದರು. ಕೆಲವು ಆಕೃತಿಗಳಲ್ಲಿ ಸ್ವಲ್ಪ ಮಾಹಿತಿ ಇದೆ ಅನ್ನೋದು ಅವರ ತೀರ್ಮಾನ. ಮಾಹಿತಿ ಇದೆ ಅಂದ್ರು, ಲಾಭ ಇದೆ ಅನ್ನಲಿಲ್ಲ. ಆ ಎರಡರ ನಡುವಿನ ಅಂತರ ಅಳೆಯೋದೇ ಎಂಜಿನಿಯರ್ ಕೆಲಸ. ಒಂದು ಲೆಕ್ಕ ನೋಡಿ: ಗೆದ್ದಾಗ 1% ಲಾಭ, ಸೋತಾಗ 1% ನಷ್ಟ, ಪ್ರತಿ ವಹಿವಾಟಿಗೆ ಹೋಗಿಬರುವ ಖರ್ಚು 0.1% ಅಂತಿಟ್ಕೊಳ್ಳಿ. ಬರೀ ಅಸಲು ಉಳಿಸೋಕೆ 100ಕ್ಕೆ 55 ಸಲ ಗೆಲ್ಲಬೇಕು.

ಬೆಂಗಳೂರಿನ ಬ್ರೋಕಿಂಗ್ ಆ್ಯಪ್ ಕಂಪನಿಗಳು, ವಿದೇಶಿ ಬ್ಯಾಂಕ್‌ಗಳ ಕಚೇರಿಗಳು, ಆಲ್ಗೊ ಟ್ರೇಡಿಂಗ್ ಸಂಸ್ಥೆಗಳು ನಮ್ಮಂಥವರನ್ನು ಇಂಟರ್‌ವ್ಯೂಗೆ ಕೂರಿಸಿದಾಗ ಕೆದಕೋದು ಇದನ್ನೇ: ಪ್ರಾಬಬಿಲಿಟಿ, ಕೋಡಿಂಗ್, ಡೇಟಾ. ಅಲ್ಲಿಗೆ ನನ್ನ ಪ್ರಕಾರ ಯಾವ ಸರ್ಟಿಫಿಕೇಟಿಗಿಂತಲೂ ತೂಕದ್ದು ನೀವೇ ಮಾಡಿದ ಒಂದು ಪ್ರಾಮಾಣಿಕ ಬ್ಯಾಕ್‌ಟೆಸ್ಟ್. ಪೈಥಾನಿನಲ್ಲಿ ಒಂದು ಸರಳ ನಿಯಮ ತಗೊಂಡು ಹಳೆಯ ಡೇಟಾ ಮೇಲೆ ಓಡಿಸಿ. ಖರ್ಚು ಕಳೆಯಿರಿ. ಈ ನಡುವೆ ಮಾರುಕಟ್ಟೆಯಿಂದಲೇ ಮಾಯವಾದ ಕಂಪನಿಗಳನ್ನೂ ಸೇರಿಸಿ, ಇಲ್ಲದಿದ್ದರೆ ಉಳಿದವರ ಕಥೆ ಮಾತ್ರ ಕಾಣುತ್ತೆ. ಎಷ್ಟು ನಿಯಮ ಪ್ರಯತ್ನಿಸಿದಿರಿ ಅನ್ನೋದನ್ನೂ ಬರೆದಿಡಿ. ಯಾಕಂದ್ರೆ ಏನೂ ಹುರುಳಿಲ್ಲದ 20 ಬೇರೆ ಬೇರೆ ನಿಯಮಗಳನ್ನು 5% ಮಟ್ಟದಲ್ಲಿ ಪರೀಕ್ಷಿಸಿದರೂ, ಒಂದಾದರೂ "ಕೆಲಸ ಮಾಡ್ತು" ಅಂತ ಕಾಣುವ ಸಂಭವ ಸುಮಾರು 64%. "ನನ್ನ ಸ್ಟ್ರಾಟೆಜಿ ಖರ್ಚು ಕಳೆದ ಮೇಲೆ ಸೋಲುತ್ತೆ, ಕಾರಣ ಇದು" ಅಂತ ಅಂಕಿ ಸಮೇತ ತೋರಿಸೋ ವಿದ್ಯಾರ್ಥಿ ಇಂಟರ್‌ವ್ಯೂನಲ್ಲಿ ಬೇರೆಯಾಗೇ ಕಾಣ್ತಾನೆ.

ರಿಸರ್ಚ್ ಡೆಸ್ಕೇ ಬೇಕು ಅನ್ನೋರು ಫೈನಲ್ ಇಯರ್‌ನಲ್ಲಿ ಸೀರೀಸ್ 15 ಬರೆದುಬಿಡಿ. ಇನ್ನೂ ಮೊದಲೇ ಬರೆದರೆ ಮೂರು ವರ್ಷದ ಆಯುಸ್ಸಿನಲ್ಲಿ ಒಂದಷ್ಟು ಕಾಲೇಜಿನಲ್ಲೇ ಕಳೆದುಹೋಗುತ್ತೆ. ಸಿಎಂಟಿಯ ಫೀಸು ಡಾಲರ್ ಲೆಕ್ಕದ್ದು, ಅನುಭವದ ಷರತ್ತು ಹೇಗೂ ಇದೆ. ಕೆಲಸಕ್ಕೆ ಸೇರಿದ ಮೇಲೆ ಶುರು ಮಾಡಿದರೂ ತಡವಲ್ಲ. ಈಗಲೇ ಮೊದಲ ಹಂತ ಬರೀತೀನಿ ಅನ್ನೋ ಉತ್ಸಾಹಿಗಳಿಗೆ ಒಂದು ಮಾತು: ಆ ಪರೀಕ್ಷೆ ಯಾವ ತಿಂಗಳು ನಡೆಯುತ್ತೆ ಅನ್ನೋದನ್ನು ಸಂಘದ ವೆಬ್‌ಸೈಟಿನಲ್ಲಿ ಮೊದಲೇ ನೋಡಿಕೊಳ್ಳಿ. ಅದು ನಮ್ಮ ಸೆಮಿಸ್ಟರ್ ಎಂಡ್ ಪರೀಕ್ಷೆ ತಲೆ ಮೇಲೆ ಕೂತಿರೋ ತಿಂಗಳು ಆಗದಿರಲಿ.